ವಿದ್ಯಾರ್ಥಿಯ ಮೌನ ಮತ್ತು ಪ್ರಶ್ನಾವಳಿ: ವಿಶ್ವವಿದ್ಯಾಲಯಗಳಲ್ಲಿ ಕಲಿಕೆಯ ತೊಡಗುವಿಕೆಯ ಮಾಪನವನ್ನು ಕುರಿತು

ವಿದ್ಯಾರ್ಥಿಯು ತರಗತಿಯಲ್ಲಿ ಇದ್ದಾನೆಯೇ ಇಲ್ಲವೇ ಎಂಬುದನ್ನು ತಿಳಿಯಲು ಹಾಜರಿ ಪುಸ್ತಕ ಸಾಕು. ಆತ ಕಲಿಕೆಯಲ್ಲಿ ಇದ್ದಾನೆಯೇ ಎಂಬುದನ್ನು ಹಾಜರಿ ಪುಸ್ತಕ ಹೇಳಲಾರದು ಎಂಬುದು ಅಧ್ಯಾಪಕ ವರ್ಗಕ್ಕೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಕರ್ನಾಟಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಿಯನ್ನು ಕಡ್ಡಾಯ ಮಾಡಿವೆ. ಆ 75ರ ಒಳಗೆ ಏನು ನಡೆಯಿತು ಎಂಬುದಕ್ಕೆ ಮಾತ್ರ ದಾಖಲೆ ಇರುವುದಿಲ್ಲ. ಈ ಕೊರತೆಯನ್ನು ತುಂಬುವ ಉದ್ದೇಶದಿಂದ ಉನ್ನತ ಶಿಕ್ಷಣದ ಸಂಶೋಧಕರು ರೂಪಿಸಿಕೊಂಡ ಪರಿಕಲ್ಪನೆಯೇ 'ವಿದ್ಯಾರ್ಥಿಯ ತೊಡಗುವಿಕೆ'. ಕಳೆದ ಕಾಲು ಶತಮಾನದಲ್ಲಿ ಇದನ್ನು ಅಳೆಯಲು ಹಲವು ದೇಶಗಳಲ್ಲಿ ಬೃಹತ್ ಸಮೀಕ್ಷೆಗಳು ನಡೆದಿವೆ, ಅವುಗಳ ಆಧಾರದ ಮೇಲೆ ಸಂಸ್ಥೆಗಳನ್ನು ಹೋಲಿಸಲಾಗಿದೆ, ವಿದ್ಯಾರ್ಥಿಗಳ ಬಗೆಗೆ ತೀರ್ಮಾನಗಳನ್ನು ಕೈಗೊಳ್ಳಲಾಗಿದೆ. ಪ್ರಸ್ತುತ ಪ್ರಬಂಧವು ಈ ಮಾಪನಗಳು ನಿಜವಾಗಿ ಏನನ್ನು ಅಳೆಯುತ್ತವೆ ಎಂಬುದನ್ನು ಪರಿಶೀಲಿಸುತ್ತದೆ. ಮಾತನ್ನು ತೊಡಗುವಿಕೆಯ ಸಾಕ್ಷ್ಯವೆಂದೂ ಮೌನವನ್ನು ಅದರ ಅಭಾವವೆಂದೂ ಎಣಿಸುವ ಪದ್ಧತಿಯು, ಎರಡು ಭಾಷೆಗಳ ನಡುವೆ ಕಲಿಯುವ ವಿದ್ಯಾರ್ಥಿಗಳ ಪಾಲಿಗೆ ಎಷ್ಟರಮಟ್ಟಿಗೆ ನ್ಯಾಯಸಮ್ಮತವಾದುದು ಎಂಬ ಪ್ರಶ್ನೆಯು ಇಲ್ಲಿಯ ಮುಖ್ಯ ಕಾಳಜಿಯಾಗಿದೆ.

ಈ ಮಾಪನಗಳ ಮೂಲ ಅಮೆರಿಕದ ಉನ್ನತ ಶಿಕ್ಷಣದಲ್ಲಿದೆ. ರಾಬರ್ಟ್ ಪೇಸ್ ಅವರು 1979ರಲ್ಲಿ ರೂಪಿಸಿದ ಕಾಲೇಜು ವಿದ್ಯಾರ್ಥಿಗಳ ಅನುಭವ ಪ್ರಶ್ನಾವಳಿಯು 'ಪ್ರಯತ್ನದ ಗುಣಮಟ್ಟ' ಎಂಬ ಕಲ್ಪನೆಯನ್ನು ಮುಂದಿಟ್ಟಿತು. ಗ್ರಂಥಾಲಯ ಇರುವುದು ಮುಖ್ಯವಲ್ಲ, ವಿದ್ಯಾರ್ಥಿ ಅದನ್ನು ಹೇಗೆ ಬಳಸಿದ ಎಂಬುದು ಮುಖ್ಯ ಎಂಬುದು ಅದರ ತಿರುಳು. ಅಲೆಕ್ಸಾಂಡರ್ ಆಸ್ಟಿನ್ 1984ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಿದ್ಯಾರ್ಥಿಯು ಕಲಿಕೆಗೆ ವಿನಿಯೋಗಿಸುವ ದೈಹಿಕ ಮತ್ತು ಮಾನಸಿಕ ಶಕ್ತಿಯನ್ನು ಕುರಿತು ಚರ್ಚಿಸಿ, ಈ ಶಕ್ತಿಗೆ ಪರಿಮಾಣ ಹಾಗೂ ಗುಣ ಎಂಬ ಎರಡು ಮುಖಗಳಿವೆ ಎಂದು ಸ್ಪಷ್ಟಪಡಿಸಿದರು. ಎಷ್ಟು ಗಂಟೆ ಓದಿದ ಎಂಬುದು ಒಂದು. ಓದಿದ್ದನ್ನು ಅರ್ಥಮಾಡಿಕೊಂಡನೇ ಅಥವಾ ಪುಸ್ತಕವನ್ನು ದಿಟ್ಟಿಸುತ್ತ ಹಗಲುಗನಸು ಕಂಡನೇ ಎಂಬುದು ಇನ್ನೊಂದು. ಮುಂದೆ ಬಂದ ಸಮೀಕ್ಷೆಗಳು ಈ ಎರಡನೆಯ ಮುಖವನ್ನು ಎಷ್ಟು ಸುಲಭವಾಗಿ ಮರೆತವು ಎಂಬುದನ್ನು ನೋಡಿದರೆ ಆಸ್ಟಿನ್ ಅವರ ಲೇಖನವನ್ನು ಉಲ್ಲೇಖಿಸಿದವರೆಲ್ಲ ಅದನ್ನು ಪೂರ್ತಿ ಓದಿರಲಾರರು ಎಂಬ ಅನುಮಾನ ಬರುತ್ತದೆ. 1987ರಲ್ಲಿ ಆರ್ಥರ್ ಚಿಕರಿಂಗ್ ಮತ್ತು ಝೆಲ್ಡಾ ಗ್ಯಾಮ್ಸನ್ ಸೂಚಿಸಿದ ಉತ್ತಮ ಬೋಧನೆಯ ಏಳು ತತ್ತ್ವಗಳು ಈ ಚಿಂತನೆಗೆ ತರಗತಿಯ ರೂಪ ಕೊಟ್ಟವು.

ಇವುಗಳ ತಳಹದಿಯ ಮೇಲೆ ನಿಂತದ್ದು ವಿದ್ಯಾರ್ಥಿ ತೊಡಗುವಿಕೆಯ ರಾಷ್ಟ್ರೀಯ ಸಮೀಕ್ಷೆ, ಅಂದರೆ ಎನ್‌ಎಸ್‌ಎಸ್‌ಇ. ಪ್ಯೂ ದತ್ತಿಸಂಸ್ಥೆಯ ನೆರವಿನಿಂದ 1998ರಲ್ಲಿ ಪೀಟರ್ ಇವೆಲ್ ಅವರ ನೇತೃತ್ವದ ತಂಡ ಇದರ ವಿನ್ಯಾಸವನ್ನು ಆರಂಭಿಸಿತು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕುಹ್ ಅವರ ನಿರ್ದೇಶನದಲ್ಲಿ 2000ರಲ್ಲಿ ಇದು ಪೂರ್ಣಪ್ರಮಾಣದಲ್ಲಿ ಜಾರಿಗೆ ಬಂದಿತು. ಅಂದಿನಿಂದ 1,600ಕ್ಕೂ ಹೆಚ್ಚು ಕಾಲೇಜು ಮತ್ತು ವಿಶ್ವವಿದ್ಯಾಲಯಗಳು ಇದರಲ್ಲಿ ಪಾಲ್ಗೊಂಡಿವೆ. ಮೊದಲಿಗೆ ಅದು ಐದು ಮಾನದಂಡಗಳನ್ನು ಬಳಸಿತು: ಅಧ್ಯಯನದ ಸವಾಲು, ಸಕ್ರಿಯ ಮತ್ತು ಸಹಭಾಗಿ ಕಲಿಕೆ, ಅಧ್ಯಾಪಕ-ವಿದ್ಯಾರ್ಥಿ ಸಂಪರ್ಕ, ಶೈಕ್ಷಣಿಕ ಅನುಭವದ ಸಮೃದ್ಧಿ, ಆವರಣದ ಬೆಂಬಲ. 2013ರ ಪರಿಷ್ಕರಣೆಯಲ್ಲಿ ಇವು ನಾಲ್ಕು ವಿಭಾಗಗಳ ಹತ್ತು ಸೂಚಕಗಳಾದವು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 2007ರಲ್ಲಿ ಇದರ ರೂಪಾಂತರವನ್ನು ಕೈಗೆತ್ತಿಕೊಂಡವು. ದಕ್ಷಿಣ ಆಫ್ರಿಕ ಮತ್ತು ಚೀನಗಳಲ್ಲಿಯೂ ರೂಪಾಂತರಗಳು ಬಂದವು.

ಎನ್‌ಎಸ್‌ಎಸ್‌ಇಯ ಮೂಲ ಉದ್ದೇಶವನ್ನು ಗೌರವಿಸದೆ ಅದನ್ನು ವಿಮರ್ಶಿಸುವುದು ತರವಲ್ಲ. ಪತ್ರಿಕೆಗಳು ಪ್ರಕಟಿಸುತ್ತಿದ್ದ ಶ್ರೇಯಾಂಕ ಪಟ್ಟಿಗಳು ಸಂಸ್ಥೆಯ ಖ್ಯಾತಿ, ಸಂಪತ್ತು, ಪ್ರವೇಶದ ಬಿಗಿ ಮೊದಲಾದವುಗಳನ್ನು ಗುಣಮಟ್ಟವೆಂದು ತೋರಿಸುತ್ತಿದ್ದ ಕಾಲದಲ್ಲಿ, ವಿದ್ಯಾರ್ಥಿಗಳು ಅಲ್ಲಿ ನಿಜವಾಗಿ ಏನು ಮಾಡುತ್ತಾರೆ ಎಂದು ಕೇಳಿದ್ದು ಸಣ್ಣ ಸಾಹಸವಲ್ಲ. ಹೆಸರಾಂತ ಸಂಸ್ಥೆಗಿಂತ ಹೆಸರಿಲ್ಲದ ಕಾಲೇಜೊಂದರಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳೊಂದಿಗೆ ಹೆಚ್ಚು ಬೆರೆಯುತ್ತಿರಬಹುದೆಂಬ ಸಾಧ್ಯತೆಯನ್ನು ಅದು ಅಂಕಿ ಅಂಶಗಳ ಮೂಲಕ ತೆರೆದಿಟ್ಟಿತು. ವ್ಯತ್ಯಾಸದ ಬಹುಪಾಲು ಸಂಸ್ಥೆ ಸಂಸ್ಥೆಗಳ ನಡುವೆ ಇಲ್ಲ, ಒಂದೇ ಸಂಸ್ಥೆಯ ವಿದ್ಯಾರ್ಥಿಗಳ ನಡುವೆ ಇದೆ ಎಂಬುದು ಈ ಸಮೀಕ್ಷೆಯ ಅತ್ಯಂತ ಮಹತ್ತ್ವದ ಶೋಧ. ಸಂಸ್ಥೆಗಳನ್ನು ಹೋಲಿಸಲು ಹುಟ್ಟಿದ ಸಾಧನವೇ ಆ ಹೋಲಿಕೆಯ ಮಿತಿಯನ್ನು ತೋರಿಸಿಕೊಟ್ಟಿದೆ.

ಮಾಪನದ ಸಮಸ್ಯೆ ಪದದಿಂದಲೇ ಆರಂಭವಾಗುತ್ತದೆ. ಇಂಗ್ಲಿಷಿನ 'ಎಂಗೇಜ್‌ಮೆಂಟ್' ಒಂದೇ ಪದವಾದರೂ ಅದನ್ನು ಕನ್ನಡಕ್ಕೆ ತರಲು ಹೊರಟವರು ಒಂದೇ ಪದದಲ್ಲಿ ನಿಲ್ಲಲಾರರು. ಹಾಜರಿ, ಪಾಲ್ಗೊಳ್ಳುವಿಕೆ, ತೊಡಗುವಿಕೆ, ಆಸಕ್ತಿ, ತಲ್ಲೀನತೆ ಇವೆಲ್ಲ ಅದರ ಒಂದೊಂದು ಮಗ್ಗುಲನ್ನು ಹಿಡಿಯುತ್ತವೆ. ಇದನ್ನು ಭಾಷಾಂತರದ ತೊಡಕೆಂದು ಬದಿಗೊತ್ತುವ ಬದಲು ಪರಿಕಲ್ಪನೆಯ ವಿಶ್ಲೇಷಣೆಯೆಂದೇ ಸ್ವೀಕರಿಸಬಹುದು. ಜೆನಿಫರ್ ಫ್ರೆಡ್ರಿಕ್ಸ್, ಫಿಲಿಸ್ ಬ್ಲೂಮನ್‌ಫೆಲ್ಡ್ ಮತ್ತು ಆಲಿಸನ್ ಪ್ಯಾರಿಸ್ 2004ರಲ್ಲಿ ಶಾಲಾ ಶಿಕ್ಷಣವನ್ನು ಕುರಿತು ಬರೆಯುತ್ತ ತೊಡಗುವಿಕೆಯನ್ನು ವರ್ತನೆ, ಭಾವನೆ, ಅರಿವು ಎಂಬ ಮೂರು ನೆಲೆಗಳಲ್ಲಿ ವಿಂಗಡಿಸಿದ್ದು ಬಹುಮಟ್ಟಿಗೆ ಇದೇ ಭೇದವನ್ನು. ಪಾಲ್ಗೊಳ್ಳುವಿಕೆ ವರ್ತನೆಗೆ ಸೇರಿದ್ದು, ಹೊರಗಿನಿಂದ ಕಾಣುವಂಥದು. ಆಸಕ್ತಿ ಭಾವನೆಗೆ ಸೇರಿದ್ದು, ಕೇಳಿದರೆ ಹೇಳಬಹುದಾದದ್ದು. ಅರಿವಿನ ತೊಡಗುವಿಕೆ ಮಾತ್ರ ಕಾಣುವುದೂ ಇಲ್ಲ, ಕೇಳಿದರೆ ಸರಿಯಾಗಿ ಹೇಳಲು ಬರುವುದೂ ಇಲ್ಲ. ಕಲಿತದ್ದನ್ನು ಬಳಸಿದಾಗ ಅದು ಪರೋಕ್ಷವಾಗಿ ಗೋಚರಿಸುತ್ತದೆ. ವಿಲ್ಮರ್ ಶೌಫೆಲಿ ಮತ್ತು ಸಂಗಡಿಗರು 2002ರಲ್ಲಿ ವಿದ್ಯಾರ್ಥಿಗಳಿಗೆ ಅಳವಡಿಸಿದ ಉಟ್ರೆಕ್ಟ್ ಮಾಪಕವು ಚೈತನ್ಯ, ಸಮರ್ಪಣೆ, ತನ್ಮಯತೆ ಎಂಬ ಮೂರನ್ನು ಎಣಿಸುತ್ತದೆ. ಅದರ ಚೌಕಟ್ಟು ಬಂದಿರುವುದು ನೌಕರರ ಉದ್ಯೋಗೋತ್ಸಾಹದ ಅಧ್ಯಯನದಿಂದ ಎಂಬುದನ್ನು ಮರೆಯುವಂತಿಲ್ಲ. ದುಡಿಮೆಯ ಉತ್ಸಾಹವೂ ಕಲಿಕೆಯ ಉತ್ಸಾಹವೂ ಒಂದೇ ಅಚ್ಚಿನವು ಎಂಬ ಊಹೆ ಅದರಲ್ಲಿ ಅಡಗಿದೆ. ಕಲಿಯುವವನಿಗೆ ಗೊಂದಲವೂ ಬೇಸರವೂ ಕಲಿಕೆಯ ಭಾಗವಾಗಿಯೇ ಬರುತ್ತವೆ; ಹೊಸ ಪ್ರಮೇಯವೊಂದರ ಮುಂದೆ ಕುಳಿತು ಚೈತನ್ಯ ಉಡುಗಿದ ವಿದ್ಯಾರ್ಥಿ ಆ ಕ್ಷಣದಲ್ಲಿ ಹೆಚ್ಚು ತೊಡಗಿರಲೂಬಹುದು.

ಎನ್‌ಎಸ್‌ಎಸ್‌ಇ ಹಾಗೂ ಅದರ ಬಳಗದ ಪ್ರಶ್ನಾವಳಿಗಳಲ್ಲಿ ಪದೇ ಪದೇ ಕಾಣುವ ಒಂದು ಪ್ರಶ್ನೆಯನ್ನು ಇಲ್ಲಿ ವಿವರವಾಗಿ ನೋಡುವುದು ಉಪಯುಕ್ತ. ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ಅಥವಾ ಚರ್ಚೆಯಲ್ಲಿ ಮಾತನಾಡಿದ್ದು ಎಷ್ಟು ಸಲ ಎಂದು ವಿದ್ಯಾರ್ಥಿಯನ್ನು ಕೇಳಲಾಗುತ್ತದೆ. ಉತ್ತರಗಳು ನಾಲ್ಕು: ಬಹಳ ಸಲ, ಆಗಾಗ, ಕೆಲವೊಮ್ಮೆ, ಎಂದೂ ಇಲ್ಲ. ಸ್ಟೀಫನ್ ಪೋರ್ಟರ್ 2011ರ ತಮ್ಮ ಲೇಖನದಲ್ಲಿ ಇಂಥ ಪ್ರಶ್ನೆಗಳ ಸಿಂಧುತ್ವವನ್ನೇ ಪ್ರಶ್ನಿಸಿದರು. ಇಡೀ ವರ್ಷದ ದಿನಚರಿಯಲ್ಲಿ ಹರಡಿರುವ ಸಣ್ಣ ಘಟನೆಗಳನ್ನು ನೆನಪಿನಿಂದ ಎಣಿಸುವುದು ಯಾರಿಗೂ ಸಾಧ್ಯವಿಲ್ಲ. ಉತ್ತರಿಸುವವನು ಎಣಿಸುವುದಿಲ್ಲ, ತನ್ನ ಬಗೆಗಿನ ಒಟ್ಟು ಕಲ್ಪನೆಯಿಂದ ಊಹಿಸುತ್ತಾನೆ. 'ಆಗಾಗ' ಎಂಬುದು ಒಬ್ಬನಿಗೆ ವಾರಕ್ಕೆ ಎರಡು ಸಲ, ಮತ್ತೊಬ್ಬನಿಗೆ ತಿಂಗಳಿಗೆ ಒಂದು ಸಲ. ಇಡೀ ತರಗತಿಯೇ ಮೌನವಾಗಿರುವ ಕಡೆ ಎರಡು ಸಲ ಎದ್ದು ನಿಂತವನು ತನ್ನನ್ನು ಬಹುಭಾಷಿ ಎಂದೇ ತಿಳಿದುಕೊಳ್ಳುತ್ತಾನೆ.

ನೆನಪಿನ ದೋಷಕ್ಕಿಂತ ಗಂಭೀರವಾದುದು ಪ್ರಶ್ನೆಯ ಹಿಂದಿರುವ ಊಹೆ. ಮಾತನಾಡುವವನು ತೊಡಗಿದ್ದಾನೆ, ಸುಮ್ಮನಿರುವವನು ತೊಡಗಿಲ್ಲ ಎಂಬುದು ಆ ಊಹೆ. ಡೇವಿಡ್ ವಾಟ್ಕಿನ್ಸ್ ಮತ್ತು ಜಾನ್ ಬಿಗ್ಸ್ 1996ರಲ್ಲಿ ಸಂಪಾದಿಸಿದ ಚೀನೀ ಕಲಿಕೆಗಾರರನ್ನು ಕುರಿತ ಸಂಪುಟವು ಈ ಊಹೆಯನ್ನು ಅಲುಗಾಡಿಸಿತು. ಪಾಶ್ಚಾತ್ಯ ವೀಕ್ಷಕರಿಗೆ ಕಂಠಪಾಠ ಮಾಡುವ ಮೌನಿಗಳಂತೆ ಕಂಡ ವಿದ್ಯಾರ್ಥಿಗಳು ಪುನರಾವರ್ತನೆಯನ್ನೇ ಅರ್ಥಗ್ರಹಣದ ದಾರಿಯಾಗಿ ಬಳಸುತ್ತಿದ್ದರು ಎಂದು ಅಲ್ಲಿಯ ಅಧ್ಯಯನಗಳು ತೋರಿಸಿದವು. ಬ್ರೂಸ್ ಮ್ಯಾಕ್‌ಫರ್ಲೇನ್, ಲೆಸ್ಲಿ ಗೌರ್ಲೆ ಮೊದಲಾದವರು 2015ರ ಸುಮಾರಿಗೆ ಬ್ರಿಟನ್ನಿನ ಸಂದರ್ಭದಲ್ಲಿಯೇ ಈ ವಿಚಾರವನ್ನು ಮುಂದುವರಿಸಿ, ಕಣ್ಣಿಗೆ ಕಾಣುವ ಪಾಲ್ಗೊಳ್ಳುವಿಕೆಯನ್ನು ಒತ್ತಾಯಿಸುವುದು ವಿದ್ಯಾರ್ಥಿಯನ್ನು ನಟನೆಗೆ ದೂಡುತ್ತದೆ, ಏಕಾಂತದ ಓದು ಮತ್ತು ಬರಹವನ್ನು ಅದೃಶ್ಯಗೊಳಿಸುತ್ತದೆ ಎಂದು ವಾದಿಸಿದರು. ಕನ್ನಡದ ಸಂದರ್ಭದಲ್ಲಿ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಗಮಕದ ಸಭೆಯಲ್ಲಿ ಕೇಳುಗ ಬಾಯಿ ತೆರೆಯುವುದಿಲ್ಲ; ಪದ್ಯದ ವಾಚನವಾಗುತ್ತದೆ, ವ್ಯಾಖ್ಯಾನವಾಗುತ್ತದೆ, ಆತ ಕೇಳುತ್ತಾನೆ. ಆ ಕೇಳುವಿಕೆಯನ್ನು ನಿಷ್ಕ್ರಿಯತೆ ಎಂದು ಯಾವ ಗಮಕಿಯೂ ಒಪ್ಪಲಾರ. ಶ್ರವಣ, ಮನನ, ನಿದಿಧ್ಯಾಸನಗಳ ಕ್ರಮದಲ್ಲಿ ಶ್ರವಣಕ್ಕೆ ಮೊದಲ ಸ್ಥಾನವಿರುವುದೂ ಆಕಸ್ಮಿಕವಲ್ಲ. ಹಾಗೆಂದು ಎಲ್ಲ ಮೌನವೂ ಮನನವೆಂದು ಸಾಧಿಸುವುದು ಅತಿರೇಕವಾದೀತು. ಹಿಂದಿನ ಬೆಂಚಿನ ಮೌನದಲ್ಲಿ ನಿದ್ದೆಯೂ ಇರುತ್ತದೆ, ಭಯವೂ ಇರುತ್ತದೆ, ಆಲೋಚನೆಯೂ ಇರುತ್ತದೆ. ಇವುಗಳನ್ನು ಬೇರ್ಪಡಿಸಲಾರದ ಸಾಧನವು ಮೌನಕ್ಕೆ ಸೊನ್ನೆ ಅಂಕ ಕೊಡುವ ಅಧಿಕಾರವನ್ನು ಎಲ್ಲಿಂದ ಪಡೆಯಿತು ಎಂಬುದೇ ಪ್ರಶ್ನೆ.

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಈ ಮೌನಕ್ಕೆ ಇನ್ನೊಂದು ಕಾರಣವಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿನಿ ವಿಜ್ಞಾನ ಅಥವಾ ವಾಣಿಜ್ಯವನ್ನು ಆರಿಸಿಕೊಂಡರೆ ಪಿಯುಸಿಯಿಂದ ಮುಂದಕ್ಕೆ ಪಾಠವೂ ಪುಸ್ತಕವೂ ಇಂಗ್ಲಿಷಿನಲ್ಲಿರುತ್ತವೆ. ಅಧ್ಯಾಪಕರು ಎರಡೂ ಭಾಷೆಗಳನ್ನು ಬೆರೆಸಿ ವಿವರಿಸುವುದರಿಂದ ಆಕೆಗೆ ಪಾಠ ಅರ್ಥವಾಗಿರಬಹುದು. ಅರ್ಥವಾದದ್ದರಲ್ಲಿ ಒಂದು ಸಂಶಯವೂ ಹುಟ್ಟಿರಬಹುದು. ಆದರೆ ಆ ಸಂಶಯವನ್ನು ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಬೇಕೆಂದಾಗ ವಾಕ್ಯ ಕೂಡಿಬರುವುದಿಲ್ಲ. ತಪ್ಪಾದರೆ ನಗುವರೆಂಬ ಅಳುಕು ಬೇರೆ. ಸಂಶಯವು ಪಕ್ಕದಲ್ಲಿ ಕುಳಿತ ಗೆಳತಿಯ ಬಳಿ, ಬಸ್ ನಿಲ್ದಾಣದಲ್ಲಿ, ಊರಿಗೆ ಹೋಗುವ ದಾರಿಯಲ್ಲಿ ಕನ್ನಡದಲ್ಲಿ ಚರ್ಚೆಯಾಗುತ್ತದೆ. ಎನ್‌ಎಸ್‌ಎಸ್‌ಇ ಮಾದರಿಯ ಪ್ರಶ್ನಾವಳಿಯನ್ನು ಇಲ್ಲಿ ಹಾಗೆಯೇ ತಂದರೆ ಆಕೆ 'ಎಂದೂ ಇಲ್ಲ' ಎಂಬಲ್ಲಿ ಗುರುತು ಹಾಕುತ್ತಾಳೆ. ಆ ಉತ್ತರ ಪ್ರಾಮಾಣಿಕವಾದದ್ದೇ. ಅದರಿಂದ ಹೊರಡುವ ತೀರ್ಮಾನ ಮಾತ್ರ ತಪ್ಪು. ಅದು ಆಕೆಯ ತೊಡಗುವಿಕೆಯನ್ನು ಅಳೆದದ್ದಲ್ಲ, ಬೋಧನಾ ಮಾಧ್ಯಮಕ್ಕೂ ಆಕೆಗೂ ಇರುವ ದೂರವನ್ನು ಅಳೆದದ್ದು. ಸಹಪಾಠಿಗಳೊಂದಿಗೆ ಚರ್ಚಿಸುವುದನ್ನು ಕುರಿತ ಪ್ರಶ್ನೆಗಳೂ ಈ ಪ್ರಶ್ನಾವಳಿಗಳಲ್ಲಿ ಇವೆ ಎಂಬುದು ನಿಜ. ಆದರೆ ಆಕೆಯ ದೃಷ್ಟಿಯಲ್ಲಿ ಬಸ್ಸಿನಲ್ಲಿ ಕನ್ನಡದಲ್ಲಿ ಆಡಿದ್ದು 'ಚರ್ಚೆ' ಅಲ್ಲ, ಮಾತುಕತೆ. ಅದನ್ನು ಆಕೆ ಎಣಿಸದೇ ಬಿಡುವ ಸಂಭವವೇ ಹೆಚ್ಚು.

ಇದೇ ಬಗೆಯ ತೊಡಕು ಅಧ್ಯಾಪಕರೊಂದಿಗಿನ ಸಂಪರ್ಕವನ್ನು ಕುರಿತ ಪ್ರಶ್ನೆಗಳಲ್ಲಿಯೂ ಉಂಟು. ಅಧ್ಯಾಪಕನಿಗೆ ಸ್ವಂತ ಕೊಠಡಿ ಮತ್ತು ಭೇಟಿಯ ನಿಗದಿತ ವೇಳೆ ಇರುತ್ತವೆ ಎಂಬ ಕಲ್ಪನೆಯ ಮೇಲೆ ಅವು ನಿಂತಿವೆ. ಪಾಠ ಮಾಡುವವರಲ್ಲಿ ಹಲವರು ಅತಿಥಿ ಉಪನ್ಯಾಸಕರಾಗಿರುವ ಕಡೆ ಈ ಕಲ್ಪನೆಗೆ ನೆಲೆಯಿಲ್ಲ.

ಮಾಪನವು ಕಲಿಕೆಯೊಂದಿಗೆ ಹೊಂದುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ರಾಬರ್ಟ್ ಕರೀನಿ, ಜಾರ್ಜ್ ಕುಹ್ ಮತ್ತು ಸ್ಟೀಫನ್ ಕ್ಲೈನ್ 2006ರಲ್ಲಿ 14 ಸಂಸ್ಥೆಗಳ 1,058 ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ, ತೊಡಗುವಿಕೆಯ ಹಲವು ಅಳತೆಗಳು ವಿಮರ್ಶನಶಕ್ತಿ ಮತ್ತು ಅಂಕಗಳೊಂದಿಗೆ ಧನಾತ್ಮಕ ಸಂಬಂಧ ಹೊಂದಿವೆ, ಆದರೆ ಆ ಸಂಬಂಧಗಳಲ್ಲಿ ಹೆಚ್ಚಿನವು ದುರ್ಬಲ ಎಂದು ಕಂಡುಕೊಂಡರು. ಸಮೀಕ್ಷೆಯ ನಿರ್ದೇಶಕರಾಗಿದ್ದವರೇ ಸಹಲೇಖಕರಾಗಿ ಇದನ್ನು ಒಪ್ಪಿಕೊಂಡದ್ದು ಮೆಚ್ಚತಕ್ಕದ್ದು. ಪ್ರವೇಶದ ವೇಳೆ ಹಿಂದುಳಿದಿದ್ದ ವಿದ್ಯಾರ್ಥಿಗಳಿಗೆ ತೊಡಗುವಿಕೆಯಿಂದ ಹೆಚ್ಚು ಪ್ರಯೋಜನವಾದಂತೆ ಅದೇ ಅಧ್ಯಯನದಲ್ಲಿ ಕಂಡುಬಂದಿತು. ಅಂದರೆ ಯಾರ ಪಾಲಿಗೆ ಇದು ಹೆಚ್ಚು ಮುಖ್ಯವೋ ಅವರನ್ನೇ ಮಾಪನವು ತಪ್ಪಾಗಿ ಓದಿದರೆ ಆಗುವ ಹಾನಿ ದೊಡ್ಡದು. ಅರ್ನೆಸ್ಟ್ ಪ್ಯಾಸ್ಕರೆಲ್ಲ ಮತ್ತು ಸಂಗಡಿಗರು 2010ರಲ್ಲಿ ಐದು ಮಾನದಂಡಗಳ ಪರವಾದ ಫಲಿತಾಂಶಗಳನ್ನು ಮುಂದಿಟ್ಟರೆ, 2011ರಲ್ಲಿ ಕಾರ್ಬಿನ್ ಕ್ಯಾಂಪ್‌ಬೆಲ್ ಮತ್ತು ಆಲ್ಬರ್ಟೊ ಕಾಬ್ರೆರಾ ಒಂದು ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿ, ಆ ಐದೂ ಪರಸ್ಪರ ಬೆರೆತುಹೋಗುತ್ತವೆ, ಒಟ್ಟು ಅಂಕಗಳನ್ನು ಮುನ್ಸೂಚಿಸಲಾರವು ಎಂದು ವರದಿ ಮಾಡಿದರು. ಒಂದು ವಿಶ್ವವಿದ್ಯಾಲಯದ ಫಲಿತಾಂಶದಿಂದ ಎಲ್ಲವನ್ನೂ ತಳ್ಳಿಹಾಕಲಾಗದು. 2013ರ ಪರಿಷ್ಕರಣೆಯಲ್ಲಿ ಐದು ಮಾನದಂಡಗಳನ್ನು ಕೈಬಿಟ್ಟದ್ದು ಗಮನಾರ್ಹ.

ಸ್ವವರದಿಯ ಬಗೆಗೆ ಇನ್ನೂ ತೀಕ್ಷ್ಣವಾದ ಸಾಕ್ಷ್ಯ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಿಂದ ಬಂದಿದೆ. ಲೂಯಿ ಡೆಲೋರಿಯೆ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ನುರಿತ ಉಪನ್ಯಾಸವನ್ನೂ ಇನ್ನೊಂದಕ್ಕೆ ಸಕ್ರಿಯ ಕಲಿಕೆಯ ಪಾಠವನ್ನೂ ಒದಗಿಸಲಾಯಿತು. ವಿಷಯ ಮತ್ತು ಪಾಠಪತ್ರ ಎರಡರಲ್ಲೂ ಒಂದೇ. ಮುಂದಿನ ಪಾಠದಲ್ಲಿ ಗುಂಪುಗಳನ್ನು ಅದಲುಬದಲು ಮಾಡಲಾಯಿತು. ಸಕ್ರಿಯ ಕಲಿಕೆಯ ತರಗತಿಯಲ್ಲಿದ್ದವರು ಪರೀಕ್ಷೆಯಲ್ಲಿ ಹೆಚ್ಚು ಕಲಿತಿದ್ದರು, ಆದರೆ ತಾವು ಕಡಿಮೆ ಕಲಿತೆವೆಂದು ಹೇಳಿದರು. ಸುಲಲಿತ ಉಪನ್ಯಾಸವು ಅರ್ಥವಾಯಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ತಾನೇ ಹೆಣಗಿ ಕಲಿತವನಿಗೆ ಹೆಣಗಾಟವಷ್ಟೇ ನೆನಪಿರುತ್ತದೆ. ವಿದ್ಯಾರ್ಥಿಯ ಹೇಳಿಕೆಯನ್ನು ಕಲಿಕೆಯ ಅಳತೆಯಾಗಿ ನೇರವಾಗಿ ಬಳಸುವ ಯಾವುದೇ ಸಮೀಕ್ಷೆ ಈ ಪ್ರಯೋಗಕ್ಕೆ ಉತ್ತರ ಕೊಡಬೇಕಾಗುತ್ತದೆ.

ಭಾರತದಲ್ಲಿ ಇಂಥ ಹೇಳಿಕೆಗೆ ಅಧಿಕೃತ ಸ್ಥಾನ ದೊರೆತದ್ದು 2017ರ ಪರಿಷ್ಕೃತ ಚೌಕಟ್ಟಿನಲ್ಲಿ. 1994ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯು (ನ್ಯಾಕ್) ಆ ಚೌಕಟ್ಟಿನಲ್ಲಿ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಅದರಲ್ಲಿ ಸೊನ್ನೆಯಿಂದ ನಾಲ್ಕರವರೆಗಿನ ಮಾಪಕದ 20 ಪ್ರಶ್ನೆಗಳೂ ಸಲಹೆಗಳನ್ನು ಕೇಳುವ ಒಂದು ಮುಕ್ತ ಪ್ರಶ್ನೆಯೂ ಇದ್ದವು. ಇದು ತೊಡಗುವಿಕೆಯ ಮಾಪನವೆಂದು ಮಂಡಳಿ ಹೇಳಿಕೊಂಡಿರಲಿಲ್ಲ. ಆದರೆ ವಿದ್ಯಾರ್ಥಿಯ ಕಲಿಕೆಯ ಅನುಭವವನ್ನು ಎಲ್ಲ ಸಂಸ್ಥೆಗಳಲ್ಲೂ ಒಂದೇ ಬಗೆಯಲ್ಲಿ ಕೇಳಿದ ಸಾಧನ ಇದಾದ್ದರಿಂದ ಇದರ ಪರಿಶೀಲನೆ ಅಗತ್ಯ. ಪ್ರಶ್ನೆಗಳ ವ್ಯಾಕರಣವನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪಠ್ಯಕ್ರಮ ಎಷ್ಟು ಮುಗಿಯಿತು, ಅಧ್ಯಾಪಕರು ಎಷ್ಟು ಸಿದ್ಧತೆಯಿಂದ ಬರುತ್ತಾರೆ, ಉದಾಹರಣೆಗಳನ್ನು ಕೊಡುತ್ತಾರೆಯೇ, ಅವರಲ್ಲಿ ಶೇಕಡಾ ಎಷ್ಟು ಮಂದಿ ಪ್ರೊಜೆಕ್ಟರ್ ಮುಂತಾದ ಸಾಧನಗಳನ್ನು ಬಳಸುತ್ತಾರೆ, ಸಂಸ್ಥೆ ಅವಕಾಶಗಳನ್ನು ಒದಗಿಸುತ್ತದೆಯೇ, ಹೀಗೆ ಕರ್ತೃಪದವು ಅಧ್ಯಾಪಕ ಇಲ್ಲವೇ ಸಂಸ್ಥೆ. ವಿದ್ಯಾರ್ಥಿ ಎಲ್ಲಿಯೂ ಕರ್ತೃವಲ್ಲ. ಕ್ರಿಯೆ ಅವನ ಮೇಲೆ ನಡೆಯುತ್ತದೆ. ನೀನು ಏನು ಓದಿದೆ, ಏನು ಬರೆದೆ, ಯಾವುದನ್ನು ಎರಡನೆಯ ಸಲ ಯೋಚಿಸಿದೆ ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಎನ್‌ಎಸ್‌ಎಸ್‌ಇಯ ದೋಷಗಳೇನೇ ಇರಲಿ, ಅಲ್ಲಿಯ ಪ್ರಶ್ನೆಗಳಲ್ಲಿ ವಿದ್ಯಾರ್ಥಿಯೇ ಕರ್ತೃ. ಈ ವ್ಯತ್ಯಾಸ ಸಣ್ಣದಲ್ಲ. ಮೇಲಾಗಿ ಈ ಸಮೀಕ್ಷೆಯ ಫಲಿತಾಂಶ ಸಂಸ್ಥೆಯ ಶ್ರೇಣಿಗೆ ಅಂಕವಾಗಿ ಸೇರುತ್ತಿತ್ತು. ತಾವು ಓದುತ್ತಿರುವ ಕಾಲೇಜಿನ ಶ್ರೇಣಿ ತಮ್ಮ ಪದವಿಯ ಬೆಲೆಯನ್ನೂ ಮುಟ್ಟುತ್ತದೆ ಎಂದು ಬಲ್ಲ ವಿದ್ಯಾರ್ಥಿಯಿಂದ ನಿಷ್ಪಕ್ಷ ಉತ್ತರವನ್ನು ನಿರೀಕ್ಷಿಸುವುದು ಕಷ್ಟ.

ಪ್ರಶ್ನಾವಳಿಯ ದೋಷಗಳಿಂದ ಪಾರಾಗಲು ಗಣಕದ ದಾಖಲೆಗಳನ್ನು ನೆಚ್ಚುವ ಪ್ರವೃತ್ತಿಯೂ ಬೆಳೆದಿದೆ. ಅಂತರ್ಜಾಲದ ಕಲಿಕಾ ವೇದಿಕೆಯಲ್ಲಿ ವಿದ್ಯಾರ್ಥಿ ಎಷ್ಟು ಸಲ ಪ್ರವೇಶಿಸಿದ, ಎಷ್ಟು ಪುಟ ತೆರೆದ ಎಂಬುದು ತಾನಾಗಿ ದಾಖಲಾಗುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ 'ಕೋರ್ಸ್ ಸಿಗ್ನಲ್ಸ್' ವ್ಯವಸ್ಥೆ ಇಂಥ ದಾಖಲೆಗಳಿಂದ ಪ್ರತಿ ವಿದ್ಯಾರ್ಥಿಗೂ ಕೆಂಪು, ಹಳದಿ, ಹಸಿರು ದೀಪ ತೋರಿಸುತ್ತಿತ್ತು. ಈ ವ್ಯವಸ್ಥೆ ಇದ್ದ ಕೋರ್ಸುಗಳನ್ನು ಹೆಚ್ಚು ತೆಗೆದುಕೊಂಡವರು ಓದನ್ನು ಮುಂದುವರಿಸಿದರು ಎಂಬ ಹೆಗ್ಗಳಿಕೆಯನ್ನು 2013ರಲ್ಲಿ ವಿಮರ್ಶಕರು ತಲೆಕೆಳಗು ಮಾಡಿದರು: ಓದನ್ನು ಮುಂದುವರಿಸಿದವರಿಗೆ ಅಂಥ ಕೋರ್ಸುಗಳನ್ನು ತೆಗೆದುಕೊಳ್ಳಲು ಹೆಚ್ಚು ಕಾಲಾವಕಾಶ ಸಿಕ್ಕಿತ್ತು, ಅಷ್ಟೆ. ಗಣಕದ ಎಣಿಕೆ ಹಾಜರಿ ಪುಸ್ತಕದ ಹೊಸ ರೂಪ ಎಂಬುದಕ್ಕಿಂತ ಹೆಚ್ಚಿನದನ್ನು ಇಲ್ಲಿ ಹೇಳಬೇಕಾಗಿಲ್ಲ.

ಹಾಗಾದರೆ ಅರಿವಿನ ತೊಡಗುವಿಕೆಯನ್ನು ಅಳೆಯುವುದು ಅಸಾಧ್ಯವೇ? ಸ್ವೀಡನ್ನಿನ ಯೋಟೆಬೋರಿಯಲ್ಲಿ ಫೆರೆನ್ಸ್ ಮಾರ್ಟನ್ ಮತ್ತು ರೋಜರ್ ಸೆಲ್ಯೊ 1976ರಲ್ಲಿಯೇ ಒಂದು ಸರಳ ದಾರಿಯನ್ನು ತೋರಿಸಿದ್ದರು. ವಿದ್ಯಾರ್ಥಿಗಳಿಗೆ ಒಂದು ಶೈಕ್ಷಣಿಕ ಪಠ್ಯವನ್ನು ಓದಲು ಕೊಟ್ಟು, ಆಮೇಲೆ ಲೇಖಕ ಏನು ಹೇಳುತ್ತಿದ್ದಾನೆ, ನೀವು ಹೇಗೆ ಓದಿದಿರಿ ಎಂದು ಅವರನ್ನು ಕೇಳಲಾಯಿತು. ಪದಗಳನ್ನು ನೆನಪಿಡಲು ಹೆಣಗಿದವರೂ ಅರ್ಥದ ಬೆನ್ನು ಹಿಡಿದವರೂ ಆ ಉತ್ತರಗಳಲ್ಲಿ ಬೇರೆ ಬೇರೆಯಾಗಿ ಕಂಡರು. ಆಳದ ಕಲಿಕೆ, ಮೇಲ್ಮೈ ಕಲಿಕೆ ಎಂಬ ಇಂದಿನ ಪರಿಭಾಷೆ ಅಲ್ಲಿಂದ ಬಂದದ್ದು. ಸಾವಿರಾರು ವಿದ್ಯಾರ್ಥಿಗಳಿಗೆ ಇದು ಅನ್ವಯಿಸದು ಎಂಬ ಆಕ್ಷೇಪ ಸಹಜ. ಆದರೆ ವ್ಯತ್ಯಾಸದ ಬಹುಪಾಲು ಸಂಸ್ಥೆಯ ಒಳಗೇ ಇರುವಾಗ, ಒಂದು ವಿಭಾಗದ 30 ವಿದ್ಯಾರ್ಥಿಗಳನ್ನು ಈ ಬಗೆಯಲ್ಲಿ ಅರಿಯುವುದು ರಾಜ್ಯದ ಎಲ್ಲ ಕಾಲೇಜುಗಳ ಸರಾಸರಿಗಿಂತ ಅಧ್ಯಾಪಕನಿಗೆ ಹೆಚ್ಚು ನೆರವಾಗುತ್ತದೆ. ಬೃಹತ್ ಸಮೀಕ್ಷೆ ಬೇಕೇ ಬೇಕೆಂದಾದಲ್ಲಿ ಅದರ ಪ್ರಶ್ನೆಗಳನ್ನು ಮೊದಲು ಕೆಲವು ವಿದ್ಯಾರ್ಥಿಗಳ ಮುಂದಿಟ್ಟು, ಈ ಪದದಿಂದ ನೀವು ಏನನ್ನು ತಿಳಿದುಕೊಂಡಿರಿ ಎಂದು ಕೇಳಿ ತಿದ್ದಿಕೊಳ್ಳಬೇಕು.

ಕರ್ನಾಟಕದ ಸಂದರ್ಭಕ್ಕೆ ಈ ವಿಧಾನದಲ್ಲಿ ಒಂದು ಸೇರ್ಪಡೆ ಬೇಕಾಗುತ್ತದೆ. ಒಂದೇ ಪಾಠವನ್ನು ಓದಿದ ವಿದ್ಯಾರ್ಥಿಯು ಅದನ್ನು ಒಮ್ಮೆ ಬೋಧನಾ ಮಾಧ್ಯಮದಲ್ಲಿಯೂ ಒಮ್ಮೆ ಕನ್ನಡದಲ್ಲಿಯೂ, ಪಾರಿಭಾಷಿಕ ಪದಗಳನ್ನು ಹಾಗೆಯೇ ಇಟ್ಟುಕೊಂಡು, ತನ್ನ ಮಾತಿನಲ್ಲಿ ವಿವರಿಸಬೇಕು. ಅರ್ಧದಷ್ಟು ಮಂದಿ ಕನ್ನಡದಿಂದಲೂ ಉಳಿದವರು ಇಂಗ್ಲಿಷಿನಿಂದಲೂ ಆರಂಭಿಸಬೇಕು. ಎರಡು ವಿವರಣೆಗಳೂ ಬಡವಾಗಿದ್ದರೆ ಆತ ಪಾಠದಲ್ಲಿ ತೊಡಗಿಲ್ಲವೆಂದು ಒಂದು ಮಟ್ಟಿಗೆ ಹೇಳಬಹುದು. ಕನ್ನಡದ ವಿವರಣೆ ತುಂಬಿಕೊಂಡಿದ್ದು ಇಂಗ್ಲಿಷಿನದು ತಡವರಿಸಿದರೆ, ತರಗತಿಯಲ್ಲಿ ಸುಮ್ಮನಿದ್ದವರ ಪಟ್ಟಿಯಿಂದ ಆ ಹೆಸರನ್ನು ಬೇರೆ ತೆಗೆದಿಡಬೇಕು.